ಅಜ್ಜನ ಫೋಟೋ ಮೇಲೊಂದು ಸೊಳ್ಳೆಪರದೆ

ಅಜ್ಜನ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸಬೇಕು ಅನ್ನೋದು ಅಮ್ಮನ ಬಹುದಿನದ ಆಸೆ. ಆದರೆ ಮನೆಯಲ್ಲಿದ್ದದ್ದು ಹಳೆಯ ಸ್ಮರಣ ಸಂಚಿಕೆಯೊಂದರಲ್ಲಿ ಅಚ್ಚಾದ ಪುಟ್ಟ ಕಪ್ಪು-ಬಿಳುಪು ಚಿತ್ರ ಒಂದೇ. ‘ಐದು ನಿಮಿಷದ ಕೆಲಸ ಬಿಡಮ್ಮ’ ಅಂತ ಸ್ಕ್ಯಾನ್ ಮಾಡಿದೆ. ನೋಡಿದರೆ ಮುಖದ ತುಂಬ ಪುಸ್ತಕದಲ್ಲಿ ಇಲ್ಲವೇ ಇಲ್ಲದ ಚೌಕಳಿ ಗೆರೆಗಳು!

‘ಇದೇನೋ, ಅಪ್ಪನ ಮುಖಕ್ಕೆ ಸೊಳ್ಳೆಪರದೆ ಕಟ್ಟಿದೀಯಾ?’ ಅಂದಳು ಅಮ್ಮ.

ತಮಾಷೆಗೆ ಹೇಳಿದ್ದಾದರೂ ಮಾತು ಸರಿಯಾಗೇ ಇತ್ತು. ಸೊಳ್ಳೆಪರದೆಯನ್ನು ಎರಡು ಮಡಿಕೆ ಮಾಡಿ ಬೆಳಕಿಗೆ ಹಿಡಿದು ನೋಡಿ. ಯಾವ ಪದರದಲ್ಲೂ ಇಲ್ಲದ ಅಲೆಗಳು ಕಾಣುತ್ತವೆ. ಒಂದು ಪದರ ಚೂರು ಸರಿಸಿದರೆ ಅಲೆಗಳು ಓಡುತ್ತವೆ. ಇದರ ಹೆಸರು ಮ್ವಾರೇ. ಅಚ್ಚಿನ ಫೋಟೋ ಅಂದರೆ ಸಾಲು ಸಾಲು ಚುಕ್ಕೆ. ಸ್ಕ್ಯಾನರ್ ನೋಡೋದು ಸಾಲು ಸಾಲು ಪಿಕ್ಸೆಲ್ ಆಗಿ. ಎರಡೂ ಸಾಲು ಹೊಂದದಿದ್ದರೆ ಮೂರನೆಯದೊಂದು ವಿನ್ಯಾಸ ಹುಟ್ಟುತ್ತದೆ. ಲ್ಯಾಪ್‌ಟಾಪ್ ಸ್ಕ್ರೀನಿನ ಫೋಟೋ ಮೊಬೈಲಲ್ಲಿ ತೆಗೆದಾಗ ಬಣ್ಣಬಣ್ಣದ ಪಟ್ಟೆ ಬರುತ್ತಲ್ಲ, ಅದೂ ಇದೇ.

ಹುಡುಕುತ್ತ ಹೋದರೆ ಪದದ ಮೂಲ ಬಟ್ಟೆಯಲ್ಲಿತ್ತು. ಆಡಿನ ಕೂದಲಿನ ಬಟ್ಟೆಗಿದ್ದ ಅರಬ್ಬಿ ಹೆಸರು ಇಂಗ್ಲಿಷಿನಲ್ಲಿ ‘ಮೊಹೇರ್’ ಆಗಿ, ಫ್ರೆಂಚರ ಬಾಯಲ್ಲಿ ‘ಮ್ವಾರ್’ ಆಯಿತು. ಎಳೆ ಎದ್ದು ಕಾಣುವ ರೇಷ್ಮೆಯನ್ನು ಎರಡಾಗಿ ಮಡಚಿ, ಭಾರದ ಉರುಳೆಗಳ ನಡುವೆ ಒತ್ತಿ ನೀರಿನ ಅಲೆಯಂಥ ಹೊಳಪು ತರಿಸಿದರೆ ಅದು ಮ್ವಾರೇ ರೇಷ್ಮೆ. ಬಟ್ಟೆಯವರಿಗೆ ಅದು ಅಂದ.

ಮುದ್ರಕರಿಗೆ ಅದೇ ತಲೆನೋವು. ಅದನ್ನು ತಪ್ಪಿಸೋಕೆ ಸಯಾನ್, ಮಜೆಂಟಾ, ಕಪ್ಪು ಬಣ್ಣಗಳ ಚುಕ್ಕೆ ಸಾಲುಗಳನ್ನು 30 ಡಿಗ್ರಿ ಅಂತರದಲ್ಲಿ ಓರೆಯಾಗಿ ಇಡುತ್ತಾರೆ. ಕಲಾವಿದರಿಗೆ ಆಟ: ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ 1965ರಲ್ಲಿ ನಡೆದ ‘ದಿ ರೆಸ್ಪಾನ್ಸಿವ್ ಐ’ ಪ್ರದರ್ಶನದಲ್ಲಿ ಬರೀ ಗೆರೆಗಳು ಜನರ ಕಣ್ಣೆದುರು ಅಲುಗಾಡಿದ್ದವು.

ವಿಜ್ಞಾನಿಗಳಿಗೆ? ಒಂದೇ ಪರಮಾಣುವಿನಷ್ಟು ತೆಳುವಾದ ಇಂಗಾಲದ ಹಾಳೆಗೆ ಗ್ರಾಫೀನ್ ಅಂತಾರೆ. ಅಂಥ ಎರಡು ಹಾಳೆಗಳನ್ನು 1.1 ಡಿಗ್ರಿ ತಿರುಚಿ ಒಂದರ ಮೇಲೊಂದು ಇಟ್ಟರೆ ಅಲ್ಲೂ ಮ್ವಾರೇ. ಗಡಿಯಾರದ ನಿಮಿಷದ ಮುಳ್ಳು 11 ಸೆಕೆಂಡಿನಲ್ಲಿ ಸರಿಯುವಷ್ಟೇ ತಿರುವು ಇದು. 2018ರಲ್ಲಿ ಅಮೆರಿಕದ ಎಂಐಟಿಯ ಪಾಬ್ಲೊ ಹರಿಯೊ-ಎರೇರೊ ತಂಡ ಇದನ್ನು ಸೊನ್ನೆಗಿಂತ ಸುಮಾರು 271 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪು ಮಾಡಿದಾಗ, ತಡೆಯೇ ಇಲ್ಲದೆ ವಿದ್ಯುತ್ ಹರಿಯಿತು.

ಸರಿ, ಅಜ್ಜನ ಕಥೆ? ಹೆಚ್ಚು ರೆಸಲ್ಯೂಷನ್‌ನಲ್ಲಿ ಮತ್ತೆ ಸ್ಕ್ಯಾನ್ ಮಾಡಿ, ಚುಕ್ಕೆಗಳು ಕಾಣದಷ್ಟು ಮಸುಕು ಮಾಡಿ, ಆಮೇಲೆ ಅಳತೆ ಇಳಿಸಿದೆ. ಪರದೆ ಮಾಯ! ಅಮ್ಮ ತುಂಬ ಹೊತ್ತು ನೋಡಿ, ‘ಅಪ್ಪನ ಕೆನ್ನೆ ಮೇಲೊಂದು ಮಚ್ಚೆ ಇತ್ತಲ್ಲೋ, ಎಲ್ಲಿ ಹೋಯ್ತು?’ ಅಂದಳು. ಚುಕ್ಕೆಗಳ ಜೊತೆ ಅದನ್ನೂ ಅಳಿಸಿಬಿಟ್ಟಿದ್ದೆ.

ಇನ್ನೊಮ್ಮೆ ಕೂತೆ. ಈ ಸಲ ಮಸುಕು ಕಡಿಮೆ. ಈಗ ನಡುಮನೆಯ ಗೋಡೆ ಮೇಲಿರುವ ಅಜ್ಜನ ಹಣೆಯ ಹತ್ತಿರ ಒಂದೆರಡು ತೆಳು ಅಲೆ ಉಳಿದಿವೆ. ಮಚ್ಚೆಯೂ ಇದೆ.