ಕಚ್ಚದ ರಾಣಿಯ ದರ್ಬಾರು

ಬೆಂಗಳೂರಿನ ಸಂಜಯನಗರದ ಮನೆಗಳಲ್ಲಿ ಸಜ್ಜಾದ ಅಡಿಗೋ ಕಿಟಕಿಯ ಮೂಲೆಗೋ ಒಣ ಕಾಗದದಂಥ ಗೂಡು ತೂಗಿತೆಂದರೆ ಮೊದಲು ಹುಡುಕುವುದು ಪೊರಕೆಯನ್ನು. ಕಣಜದ ಹುಳುವಿನ ಕುಟುಕು ಉಂಡವರಿಗೆ ಆ ಹೆದರಿಕೆ ಗೊತ್ತು. ಗೂಡಿನ ಒಳಗೆ ಯಾರು ಯಾರಿಗೆ ಹೆದರುತ್ತಾರೆ? ಅದನ್ನು ಸಮೀಪದಲ್ಲೇ ಇರುವ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಾಘವೇಂದ್ರ ಗದಗ್ಕರ್ ಮತ್ತು ಅವರ ಶಿಷ್ಯರು ದಶಕಗಳಿಂದ ನೋಡುತ್ತ ಬಂದಿದ್ದಾರೆ.

ರೊಪಾಲಿಡಿಯಾ ಕುಲದ ಎರಡು ಕಣಜಗಳು ದಕ್ಷಿಣ ಭಾರತದಲ್ಲಿ ಸಾಮಾನ್ಯ. ಸಯಾತಿಫಾರ್ಮಿಸ್‌ನ ರಾಣಿ ಜಗಳಗಂಟಿ. ಮಿಕ್ಕವನ್ನು ಅಟ್ಟುತ್ತಾಳೆ, ಕಚ್ಚುತ್ತಾಳೆ, ಮೊಟ್ಟೆಯಿಡುವ ಹಕ್ಕನ್ನು ಹಾಗೆ ಕಾಪಾಡಿಕೊಳ್ಳುತ್ತಾಳೆ. ಮಾರ್ಜಿನೇಟಾದ ರಾಣಿಯೋ ಮಹಾ ಸಾಧು. ಒಂದೆಡೆ ಸುಮ್ಮನೆ ಕೂತಿರುತ್ತಾಳೆ. ಆದರೂ ಆಕೆ ಇರುವವರೆಗೆ ಬೇರೆ ಯಾರೂ ಮೊಟ್ಟೆಯಿಡಲು ಮುಂದಾಗುವುದಿಲ್ಲ. ಆಕೆಯನ್ನು ಗೂಡಿನಿಂದ ತೆಗೆದರೂ ಆಹಾರ ತರುವ ಕೆಲಸ ನಿಲ್ಲುವುದಿಲ್ಲ. (ಸಾಹೇಬರು ರಜೆ ಹಾಕಿದ ದಿನದ ನಮ್ಮ ಕಚೇರಿಗಳಿಗೆ ಇದನ್ನು ಹೋಲಿಸಲು ಹೋಗಬೇಡಿ.)

ಹೊಡೆಯದ ರಾಣಿಯ ಮಾತು ನಡೆಯುವುದು ಹೇಗೆ? ಗುಟ್ಟು ಹೊಟ್ಟೆಯ ತುದಿಯ ಡುಫೋರ್ ಗ್ರಂಥಿಯಲ್ಲಿದೆ. ರಾಣಿ ಹೊಟ್ಟೆಯನ್ನು ಗೂಡಿಗೆ ಉಜ್ಜುತ್ತ ಅದರ ರಸವನ್ನು ಬಳಿಯುತ್ತಾಳೆ. ಅದು ಗಾಳಿಯಲ್ಲಿ ಹಾರುವಂಥದ್ದಲ್ಲ, ಗೂಡಿಗೆ ಅಂಟಿಕೊಂಡಿರುತ್ತದೆ. ರಾಣಿಯ ಅಂಡಾಶಯ ಎಷ್ಟು ಬೆಳೆದಿದೆ ಎಂಬುದಕ್ಕೂ ಆ ರಸಕ್ಕೂ ನಂಟಿದೆ. ಆದ್ದರಿಂದ ಅದು ಬೆದರಿಕೆಗಿಂತ ಹೆಚ್ಚಾಗಿ ಸಾಮರ್ಥ್ಯದ ಸಾಕ್ಷಿಪತ್ರ. ಇದನ್ನು ಗೌರವ ಎನ್ನಬಹುದೇ? ಕಣಜಕ್ಕೆ ನಮ್ಮ ಭಾವನೆಗಳನ್ನು ಹೊರಿಸುವುದು ಸರಿಯಲ್ಲ. ಆದರೂ ಹೊಡೆತಕ್ಕೆ ಬಗ್ಗುವುದು ಬೇರೆ, ಯೋಗ್ಯತೆಯ ಗುರುತು ಕಂಡು ದಾರಿ ಬಿಡುವುದು ಬೇರೆ ಎಂಬುದಂತೂ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಹಾಗೆಂದು ಸಾಧು ರಾಣಿ ಹುಟ್ಟಾ ಸಾಧುವಲ್ಲ. ಹಳೆಯ ರಾಣಿಯನ್ನು ತೆಗೆದ ಕೆಲವೇ ನಿಮಿಷಗಳಲ್ಲಿ ಕೆಲಸಗಾರ್ತಿಯರಲ್ಲೊಬ್ಬಳು ವಿಪರೀತ ರೇಗುತ್ತಾಳೆ, ಸಿಕ್ಕವರನ್ನೆಲ್ಲ ಕಚ್ಚುತ್ತಾಳೆ. ಸುಮಾರು ಒಂದು ವಾರದಲ್ಲಿ ಅಂಡಾಶಯ ಬೆಳೆದು ಮೊಟ್ಟೆಯಿಡತೊಡಗುವ ಹೊತ್ತಿಗೆ ಆ ಆರ್ಭಟ ತಣ್ಣಗಾಗಿರುತ್ತದೆ. ಸಾಕ್ಷಿಪತ್ರ ಸಿದ್ಧವಾಗುವ ತನಕ ಹೆದರಿಕೆಯೇ ಗತಿ.

ಮುಂದಿನ ರಾಣಿ ಯಾರೆಂದು ನಡವಳಿಕೆ ನೋಡಿ ಮೊದಲೇ ಹೇಳಲು ವಿಜ್ಞಾನಿಗಳಿಂದ ಆಗಲಿಲ್ಲ. ಕಣಜಗಳಿಗೆ ಗೊತ್ತಿತ್ತು! 2008ರಲ್ಲಿ ಅನಿಂದಿತಾ ಭದ್ರ ಮತ್ತು ಗದಗ್ಕರ್ ಪ್ರಕಟಿಸಿದ ಪ್ರಯೋಗದಲ್ಲಿ ಗೂಡನ್ನು ಎರಡಾಗಿ ಕತ್ತರಿಸಿ ನಡುವೆ ತಂತಿಬಲೆ ಇಟ್ಟಿದ್ದರು. ರಾಣಿಯಿಲ್ಲದ ಭಾಗದಲ್ಲಿ ಒಬ್ಬಳು ಎದ್ದಳು. ರಾಣಿಯನ್ನು ಆ ಭಾಗಕ್ಕೆ ಸಾಗಿಸಿದಾಗ ಕೆಲವು ಗೂಡುಗಳಲ್ಲಿ ಇನ್ನೊಂದು ಬದಿಯಿಂದ ಬೇರೊಬ್ಬಳು ಎದ್ದಳು, ಮೊದಲಿನವಳು ಹಿಂದೆ ಸರಿದಳು. ನಿಜವಾದ ಉತ್ತರಾಧಿಕಾರಿಗೆ ಎದುರು ನಿಂತವರೇ ಇಲ್ಲ.

ಮನುಷ್ಯರಲ್ಲಿಯೂ ಇಂಥ ಎರಡು ದಾರಿಗಳಿವೆ ಎಂದು ಜೋಸೆಫ್ ಹೆನ್ರಿಕ್ ಮತ್ತು ಫ್ರಾನ್ಸಿಸ್ಕೊ ಗಿಲ್-ವೈಟ್ 2001ರಲ್ಲಿ ವಾದಿಸಿದರು. ಒಂದು ಬಲದಿಂದ ಬರುವ ಮೇಲುಗೈ, ಇನ್ನೊಂದು ಬಲ್ಲವರಿಂದ ಕಲಿಯಬೇಕೆಂದು ಜನ ತಾವಾಗಿ ಕೊಡುವ ಮನ್ನಣೆ. ಕಣಜದ ರಾಣಿಗೆ ಕಲಿಸುವುದೇನೂ ಇಲ್ಲವಾದ್ದರಿಂದ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಮನುಷ್ಯರಲ್ಲಿ ಈ ಎರಡೂ ದಾರಿಗಳನ್ನು ಪರೀಕ್ಷಿಸಲು 2013ರಲ್ಲಿ ಜೋಯಿ ಚೆಂಗ್ ಮತ್ತು ಸಂಗಡಿಗರು ಅಪರಿಚಿತರ ಪುಟ್ಟ ಗುಂಪುಗಳಿಗೆ, ಚಂದ್ರನ ಮೇಲೆ ಸಿಕ್ಕಿಬಿದ್ದರೆ ಯಾವ ಸಾಮಾನು ಮುಖ್ಯ ಎಂದು ಚರ್ಚಿಸಿ ತೀರ್ಮಾನಿಸಲು ಹೇಳಿದರು. ತಿಳಿದವರ ಮಾತಿಗೆ ಬೆಲೆ ಸಿಕ್ಕಿತು. ಹೆದರಿಸಿದವರ ಮಾತೂ ನಡೆಯಿತು, ಆದರೆ ಅವರನ್ನು ಗುಂಪಿನವರು ಅಷ್ಟಾಗಿ ಇಷ್ಟಪಡಲಿಲ್ಲ.