ಸಾರುವೆಯೇ ಮನೆಯಲ್ಲ

ಕಚೇರಿಗಳಲ್ಲಿ ದುಡಿಯುವ ನಮ್ಮ ಓದುಗರಲ್ಲಿ ಹಲವರಿಗೆ ಈ ಅನುಭವ ಆಗಿರಬೇಕು. ತಿಂಗಳ ಮೊದಲನೆಯ ದಿನ ಹಾಜರಿಯ ಲೆಕ್ಕ ತೆಗೆಯಲೆಂದು ಕಂಪ್ಯೂಟರಿನ ಮುಂದೆ ಕುಳಿತು ಪಟ್ಟಿಯ ಪುಟವನ್ನು ತೆರೆಯುತ್ತೇವೆ; ಪುಟ ಬರುವುದಿಲ್ಲ. ಕೊಂಚ ಹೊತ್ತಿನ ಮೇಲೆ ಪರದೆಯಲ್ಲಿ '502 ಬ್ಯಾಡ್ ಗೇಟ್‌ವೇ' ಎಂಬ ಬರಹ ಕಾಣುತ್ತದೆ. ಸರ್ವರ್ ಬಿದ್ದಿತೆಂದು ಕೂಗೇಳುತ್ತದೆ. ಬಳಿಕ ಬರುವ ಪ್ರಶ್ನೆ ಒಂದೇ: 'ಯಾರು ಏನನ್ನು ಒತ್ತಿದಿರಿ?'

ನನ್ನ ಪರಿಚಯದ ಗುಮಾಸ್ತರೊಬ್ಬರ ಮೇಲೆ ಮೂರು ತಿಂಗಳು ಸತತವಾಗಿ ಈ ಆರೋಪ ಬಂದಿತು. 400 ಕೆಲಸಗಾರರ ಸಂಬಳ ಎರಡು ದಿನ ತಡವಾದಾಗ ಅವರ ನೌಕರಿಗೇ ಸಂಚಕಾರ ಬರುವಂತಿತ್ತು. ತಪ್ಪು ಅವರದಾಗಿರಲಿಲ್ಲ. ಅದು ಎಲ್ಲಿ ಅಡಗಿತ್ತು, ಹೇಗೆ ಕೈಗೆ ಸಿಕ್ಕಿತು ಎಂಬುದನ್ನು ತಿಳಿದರೆ ಇತರರಿಗೂ ಉಪಯೋಗವಾದೀತು.

ನಾವು ಕಾಣುವ ಪುಟಕ್ಕೂ ಮಾಹಿತಿಯ ಕಣಜವಾದ ಡೇಟಾಬೇಸಿಗೂ ನಡುವೆ ಕೋಡ್ ಎಂಬುದೊಂದಿರುತ್ತದೆ. ಪಟ್ಟಿ ತೋರಿಸುವುದು, ಹೊಸದನ್ನು ಸೇರಿಸುವುದು, ತಿದ್ದುವುದು, ಅಳಿಸುವುದು ಇವೆಲ್ಲ ಎಲ್ಲ ಕಚೇರಿಗಳಲ್ಲಿಯೂ ಒಂದೇ ಬಗೆಯ ಕೆಲಸಗಳು. ಆದ್ದರಿಂದ ಇಂಥ ಕೋಡನ್ನು ತಾನಾಗಿಯೇ ಬರೆದುಕೊಡುವ ಸಾಧನಗಳು ಹುಟ್ಟಿಕೊಂಡವು. 2004ರಲ್ಲಿ ಹೊರಬಂದ 'ರೂಬಿ ಆನ್ ರೇಲ್ಸ್' ಅವುಗಳಲ್ಲಿ ಪ್ರಸಿದ್ಧವಾದುದು. ಕೋಷ್ಟಕದ ಹೆಸರನ್ನೂ ಅದರ ಅಂಕಣಗಳನ್ನೂ ಹೇಳಿ ಒಂದು ಆಜ್ಞೆ ಕೊಟ್ಟರೆ ಸಾಕು, ಪುಟಗಳೆಲ್ಲ ಸಿದ್ಧ. ಆ ಆಜ್ಞೆಯ ಹೆಸರು 'ಸ್ಕ್ಯಾಫೋಲ್ಡ್', ಎಂದರೆ ಸಾರುವೆ. ಗೋಡೆ ಕಟ್ಟುವಾಗ ಗಾರೆಯವರು ನಿಲ್ಲಲು ಬೊಂಬಿನಿಂದ ಕಟ್ಟುವರಲ್ಲ, ಅದೇ. ಸಾರುವೆ ಮನೆ ಕಟ್ಟುವುದಕ್ಕೆ ಬೇಕು. ಆದರೆ ಅದರ ಮೇಲೆಯೇ ಸಂಸಾರ ಹೂಡಲಾಗದು. ಆ ಕಚೇರಿಯಲ್ಲಿ ಆದದ್ದು ಅದೇ.

ಹೀಗೆ ಹುಟ್ಟಿದ ಪಟ್ಟಿಯ ಪುಟವು ಡೇಟಾಬೇಸನ್ನು ಕೇಳುವುದು ಒಂದೇ ಮಾತು: 'ಇರುವುದನ್ನೆಲ್ಲ ಕೊಡು.' ಹತ್ತು ಸಾಲುಗಳಿದ್ದಾಗ ಇದರಿಂದ ಕೇಡಿಲ್ಲ. ಆದರೆ 400 ಜನರ ಹಾಜರಿ ತಿಂಗಳಿಗೆ 25 ದಿನದಂತೆ 10,000 ಸಾಲು. 20 ತಿಂಗಳಿಗೆ 2 ಲಕ್ಷ. ಒಂದು ಸಾಲಿಗೆ 4 ಕಿಲೋಬೈಟ್ ಮೆಮೊರಿ ಎಂದು ಲೆಕ್ಕಕ್ಕೆ ಹಿಡಿದರೂ ಪಟ್ಟಿಯನ್ನು ಒಮ್ಮೆ ತೆರೆದರೆ 800 ಮೆಗಾಬೈಟ್ ಬೇಕು. ಮೂವರು ಒಟ್ಟಿಗೆ ತೆರೆದರೆ 2,400 ಮೆಗಾಬೈಟ್. ಆ ಸರ್ವರಿನಲ್ಲಿದ್ದುದು ಎರಡೇ ಗಿಗಾಬೈಟ್. ಹೀಗೆ ಮೆಮೊರಿ ಬರಿದಾದಾಗ ಲಿನಕ್ಸ್ ವ್ಯವಸ್ಥೆಯು ತನ್ನನ್ನು ತಾನು ಉಳಿಸಿಕೊಳ್ಳಲು ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದ ಕೆಲಸವನ್ನೇ ಕೊಂದುಹಾಕುತ್ತದೆ. ಉತ್ತರ ಕೊಡಬೇಕಾದವನೇ ಸತ್ತಮೇಲೆ ಬಾಗಿಲಲ್ಲಿ ನಿಂತ ಸರ್ವರ್ 502 ಎನ್ನದೆ ಇನ್ನೇನು ಮಾಡೀತು?

ಇದನ್ನು ಪತ್ತೆಹಚ್ಚುವುದು ಹೇಗೆ? ಮೊದಲನೆಯದಾಗಿ, ಬಿದ್ದ ಗಳಿಗೆಯನ್ನು ಬರೆದಿಡಬೇಕು. ನಮ್ಮ ಗುಮಾಸ್ತರು ಹಳೆಯ ಅಭ್ಯಾಸದಂತೆ ಪುಸ್ತಕದಲ್ಲಿ 'ಬೆಳಿಗ್ಗೆ 10-05, ಹಾಜರಿ ಪಟ್ಟಿ' ಎಂದು ಗುರುತುಹಾಕಿಕೊಂಡಿದ್ದರು. ಅದೇ ಅವರನ್ನು ಕಾಪಾಡಿತು. ಎರಡನೆಯದಾಗಿ, ಸರ್ವರಿನ ದಿನಚರಿಯಾದ ಲಾಗನ್ನು ಓದಬೇಕು. ಅನೇಕ ಸರ್ವರುಗಳ ಗಡಿಯಾರ ವಿಶ್ವ ಕಾಲಮಾನದಲ್ಲಿರುವುದರಿಂದ, ನಮ್ಮ 10-05 ಅಲ್ಲಿ 4-35 ಆಗಿರುತ್ತದೆ. ಈ ಐದೂವರೆ ಗಂಟೆಯನ್ನು ಮರೆತು ಎಷ್ಟೋ ಜನ ಬೇರೆ ಸಾಲುಗಳನ್ನು ಓದಿ ಮೋಸಹೋಗುತ್ತಾರೆ. ಆ ಹೊತ್ತಿಗೆ ಲಿನಕ್ಸಿನ ಲಾಗಿನಲ್ಲಿ 'ಔಟ್ ಆಫ್ ಮೆಮೊರಿ' ಎಂಬ ಮಾತಿದ್ದರೆ ಸಾವಿನ ಕಾರಣ ತಿಳಿಯಿತು. ಇನ್ನು ರೇಲ್ಸ್ ಲಾಗಿನಲ್ಲಿ ಪ್ರತಿಯೊಂದು ಕೋರಿಕೆಗೂ 'ಸ್ಟಾರ್ಟೆಡ್' ಎಂದು ಮೊದಲು, 'ಕಂಪ್ಲೀಟೆಡ್' ಎಂದು ಕೊನೆಗೆ ಬರೆದಿರುತ್ತದೆ. ಪ್ರಾರಂಭವಾಗಿ ಮುಗಿಯದೆ ಉಳಿದ ಕೋರಿಕೆ ಯಾವುದೋ, ಮೊದಲು ಅನುಮಾನಿಸಬೇಕಾದ ಪುಟ ಅದೇ.

ಹುಡುಕುವಾಗ ಇನ್ನೊಂದು ದೋಷವೂ ಹೊರಬಿತ್ತು. ಪಟ್ಟಿಯಲ್ಲಿ ಕೆಲಸಗಾರನ ಸಂಖ್ಯೆಯ ಬದಲು ಹೆಸರು ಬರಲೆಂದು ಯಾರೋ ಒಂದು ಸಾಲು ಸೇರಿಸಿದ್ದರು. ಅದರಿಂದ ಪ್ರತಿ ಸಾಲಿಗೂ ಡೇಟಾಬೇಸಿನ ಬಳಿಗೆ ಒಂದೊಂದು ಸಲ ಹೋಗಿ ಹೆಸರು ಕೇಳುವಂತಾಗಿತ್ತು. ಐವತ್ತು ಸಾಮಾನು ಬೇಕಾದವನು ಚೀಟಿ ಬರೆದುಕೊಳ್ಳದೆ ಅಂಗಡಿಗೆ ಐವತ್ತು ಸಲ ನಡೆದಂತೆ!

ಪರಿಹಾರ ಕಷ್ಟದ್ದಲ್ಲ. ಒಂದು ಪುಟಕ್ಕೆ 50 ಸಾಲು ಮಾತ್ರ ತರಿಸುವುದು. ಬೇಕಾದ ತಿಂಗಳನ್ನು ಮೊದಲೇ ಆರಿಸಿಕೊಳ್ಳುವುದು. ತಾರೀಖಿನ ಅಂಕಣಕ್ಕೆ ಸೂಚಿ ಹಾಕುವುದು. ಹೆಸರುಗಳನ್ನು 'ಇನ್‌ಕ್ಲೂಡ್ಸ್' ಎಂಬ ಪದದಿಂದ ಒಟ್ಟಿಗೆ ತರಿಸುವುದು. ಆಗ 51 ಸಲ ಕೇಳುವ ಬದಲು ಎರಡು ಸಲ ಕೇಳಿದರೆ ಸಾಕಾಗುತ್ತದೆ. ಸರ್ವರಿಗೆ ಮೆಮೊರಿ ಹೆಚ್ಚಿಸುವುದರಿಂದ ಪೆಟ್ಟು ಕೆಲವು ತಿಂಗಳು ಮುಂದೆ ಹೋಗುವುದೇ ಹೊರತು ತಪ್ಪುವುದಿಲ್ಲ. ಹಾಜರಿಯ ಸಾಲುಗಳು ದಿನವೂ ಬೆಳೆಯುತ್ತಲೇ ಇರುತ್ತವೆ.

ಇಂದು ಕೃತಕ ಬುದ್ಧಿಯ ಸಾಧನಗಳೂ ಇಂಥ ಪುಟಗಳನ್ನು ಕ್ಷಣದಲ್ಲಿ ಬರೆದುಕೊಡುತ್ತವೆ. ಬರೆದವರು ಯಾರೇ ಆಗಲಿ, ಒಪ್ಪಿಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಬೇಕು: 'ಹತ್ತು ಸಾಲಿದ್ದಾಗ ಸರಿ, ಎರಡು ಲಕ್ಷವಾದಾಗ ಏನು?'

ಬಂಧುಗಳೇ, ನಾವು ಕೋಡ್ ಬರೆಯುವವರಲ್ಲದಿರಬಹುದು. ಆದರೆ ಯಾವ ಪುಟ, ಯಾವ ಹೊತ್ತು ಎಂದು ಬರೆದಿಡುವುದು ಗುಮಾಸ್ತನಾದವನಿಗೆ ಹೊಸದಲ್ಲ. ಆರೋಪ ಬಂದಾಗ ಕೈಕಟ್ಟಿ ನಿಲ್ಲುವ ಬದಲು ಆ ಚೀಟಿಯನ್ನು ಮುಂದಿಟ್ಟು, 'ಈ ಹೊತ್ತಿನ ಲಾಗನ್ನು ನೋಡಿರಿ' ಎಂದು ವಿನಯದಿಂದ ಹೇಳೋಣ. ನನ್ನ ಪರಿಚಯದವರು ಹಾಗೆಯೇ ಹೇಳಿದರು. ಅವರು ಈಗಲೂ ಅದೇ ಮೇಜಿನಲ್ಲಿದ್ದಾರೆ. ಸಂಬಳವೂ ಹೊತ್ತಿಗೆ ಸರಿಯಾಗಿ ಬಟವಾಡೆಯಾಗುತ್ತಿದೆ.