ಮಸಿಬಟ್ಟೆಯ ಹೊಸ ಅವತಾರ

ಕನ್ನಡ ನಾಡಿನ ಮನೆಗಳಲ್ಲಿ ಒರೆಸುವ ಬಟ್ಟೆಯನ್ನು ಅಂಗಡಿಯಿಂದ ಕೊಂಡು ತರುವ ರೂಢಿ ಹಿಂದೆ ಅಷ್ಟಾಗಿ ಇರಲಿಲ್ಲ. ಅದು ಮನೆಯಲ್ಲೇ ಹುಟ್ಟುತ್ತಿತ್ತು. ಹಬ್ಬಕ್ಕೆ ತಂದ ಪಂಚೆ ಕೆಲವು ವರ್ಷ ಉಟ್ಟು ಮಾಸಿದ ಮೇಲೆ ಮೈ ಒರೆಸುವ ಬಟ್ಟೆಯಾಗಿ, ಅನಂತರ ಅಡುಗೆಮನೆಯ ಕೈಬಟ್ಟೆಯಾಗಿ, ಕಡೆಗೆ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ ಅಥವಾ ನೆಲ ಒರೆಸುವ ಬಟ್ಟೆಯಾಗಿ ತನ್ನ ಬಾಳು ಮುಗಿಸುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆಗಳು ಕೌದಿಯಾಗುತ್ತಿದ್ದವು. ಕೌದಿಗೂ ಸಲ್ಲದ ಚೂರುಗಳು ಒರೆಸುವ ಕೆಲಸಕ್ಕೆ ಬರುತ್ತಿದ್ದವು.

ಈ ಪದ್ಧತಿಯಲ್ಲಿ ಮಿತವ್ಯಯದ ಜೊತೆಗೆ ಒಂದು ತಿಳಿವಳಿಕೆಯೂ ಅಡಗಿತ್ತು. ಹೊಸ ಹತ್ತಿ ಬಟ್ಟೆ ನೀರನ್ನು ಬೇಗ ಹೀರುವುದಿಲ್ಲ. ಮಗ್ಗಕ್ಕೆ ಹೂಡುವ ಮುನ್ನ ನೂಲಿಗೆ ಹಾಕಿದ ಗಂಜಿ ಮತ್ತು ಹತ್ತಿಯ ಎಳೆಯ ಮೇಲೆ ಸಹಜವಾಗಿಯೇ ಇರುವ ಮೇಣ ನೀರನ್ನು ತಡೆಯುತ್ತವೆ. ಹತ್ತಾರು ಒಗೆತ ಕಂಡ ಬಟ್ಟೆಯಲ್ಲಿ ಅವೆರಡೂ ಕಳೆದು ಎಳೆ ಮೆತ್ತಗಾಗಿರುತ್ತದೆ. ಹಾಗಾಗಿ ಒರೆಸಲು ಹಳೆಯ ಬಟ್ಟೆಯೇ ವಾಸಿ ಎಂಬುದು ಮನೆಯ ಹೆಂಗಸರಿಗೆ ಅನುಭವದಿಂದ ಗೊತ್ತಿದ್ದ ಸಂಗತಿ.

ಈ ಸರಪಳಿಗೆ ಮೊದಲ ಅಡ್ಡಿ ಬಂದದ್ದು ಟೆರಿಲಿನ್ ಅಂಗಿಯಿಂದ. ಪಾಲಿಯೆಸ್ಟರ್ ಎಂಬ ಈ ಕೃತಕ ಎಳೆಯನ್ನು ಇಂಗ್ಲೆಂಡಿನ ರಸಾಯನ ವಿಜ್ಞಾನಿಗಳಾದ ವಿನ್‌ಫೀಲ್ಡ್ ಮತ್ತು ಡಿಕ್ಸನ್ 1941ರಲ್ಲಿ ರೂಪಿಸಿದರು. ಸುಕ್ಕಾಗದ, ಬೇಗ ಒಣಗುವ ಟೆರಿಲಿನ್ ಒಂದು ಕಾಲಕ್ಕೆ ಪ್ರತಿಷ್ಠೆಯ ಉಡುಪೇ ಆಗಿತ್ತು. ಆದರೆ ಆ ಅಂಗಿ ಹಳೆಯದಾದಾಗ ಮಸಿಬಟ್ಟೆಯಾಗಲು ಒಪ್ಪಲಿಲ್ಲ. ಚೆಲ್ಲಿದ ನೀರಿನ ಮೇಲೆ ಎಳೆದರೆ ನೀರು ಅತ್ತಿತ್ತ ಸರಿಯುತ್ತಿತ್ತೇ ಹೊರತು ಬಟ್ಟೆಗೆ ಏರುತ್ತಿರಲಿಲ್ಲ. ಬಿಸಿ ಪಾತ್ರೆಗೆ ಹಿಡಿದರೆ ಮುರುಟಿಕೊಳ್ಳುತ್ತಿತ್ತು.

ವಿಚಿತ್ರವೆಂದರೆ, ಇಂದು ಕನ್ನಡಕದ ಅಂಗಡಿಯಿಂದ ಕಾರು ತೊಳೆಯುವವರವರೆಗೆ ಎಲ್ಲರ ಕೈಯಲ್ಲಿರುವ ಮೈಕ್ರೋಫೈಬರ್ ಬಟ್ಟೆಯ ಬಹುಪಾಲು ಅದೇ ಪಾಲಿಯೆಸ್ಟರ್. ನೀರನ್ನು ಒಲ್ಲದ ವಸ್ತುವೇ ನೀರು ಹೀರುವ ಬಟ್ಟೆಯಾದದ್ದು ಹೇಗೆ? ಉತ್ತರ ಎಳೆಯ ಗಾತ್ರದಲ್ಲಿದೆ, ಆಕಾರದಲ್ಲಿದೆ.

ಎಳೆಯ ನವಿರುತನವನ್ನು ಡೆನಿಯರ್ ಎಂಬ ಮಾನದಿಂದ ಅಳೆಯುತ್ತಾರೆ. ರೇಷ್ಮೆ ನೂಲಿನ ವ್ಯಾಪಾರ ಬಲ್ಲವರಿಗೆ ಇದು ಪರಿಚಿತ ಪದ. 9,000 ಮೀಟರ್ ಉದ್ದದ ಎಳೆ ಒಂದು ಗ್ರಾಂ ತೂಗಿದರೆ ಅದು ಒಂದು ಡೆನಿಯರ್. ರೇಷ್ಮೆಯ ಒಂಟಿ ಎಳೆ ಸುಮಾರು ಅಷ್ಟೇ ಇರುತ್ತದೆ. ಅದಕ್ಕಿಂತಲೂ ನವಿರಾದ ಎಳೆಗೆ ಮೈಕ್ರೋಫೈಬರ್ ಎಂದು ಹೆಸರು. 1970ರಲ್ಲಿ ಜಪಾನಿನ ಟೋರೇ ಸಂಸ್ಥೆಯ ವಿಜ್ಞಾನಿ ಮಿಯೋಶಿ ಒಕಾಮೊಟೊ ಇಂಥ ಎಳೆಗಳಿಂದ ಜಿಂಕೆಯ ಚರ್ಮದಂತೆ ಮೆತ್ತಗಿರುವ ಬಟ್ಟೆಯನ್ನು ಸಿದ್ಧಪಡಿಸಿದರು. ಅಲ್ಟ್ರಾಸ್ಯೂಡ್ ಎಂಬ ಹೆಸರಿನ ಆ ಬಟ್ಟೆಯಿಂದ 1972ರಲ್ಲಿ ಅಮೆರಿಕದ ವಸ್ತ್ರವಿನ್ಯಾಸಕ ಹಾಲ್‌ಸ್ಟನ್ ಹೊಲಿಸಿದ ಉಡುಪು ಬಹಳ ಹೆಸರು ಮಾಡಿತು. ಸಿರಿವಂತರ ಮೈಮೇಲೆ ಮೆರೆದ ಎಳೆ ಒರೆಸುವ ಕೆಲಸಕ್ಕೆ ಇಳಿದದ್ದು ಅನಂತರದ ದಶಕಗಳಲ್ಲಿ. ಪಂಚೆ ಮಸಿಬಟ್ಟೆಯಾದ ಕಥೆಯೇ ಇನ್ನೊಂದು ಬಗೆಯಲ್ಲಿ ನಡೆಯಿತು ಎನ್ನಬಹುದು.

ಒರೆಸುವ ಬಟ್ಟೆಗಾಗಿ ಪಾಲಿಯೆಸ್ಟರ್ ಮತ್ತು ನೈಲಾನ್ ಎರಡನ್ನೂ ಒಂದೇ ಎಳೆಯಲ್ಲಿ, ಕಿತ್ತಳೆಯ ತೊಳೆಗಳಂತೆ ಜೋಡಿಸಿ ನೂಲುತ್ತಾರೆ. ಬಟ್ಟೆ ಸಿದ್ಧವಾದ ಮೇಲೆ ರಾಸಾಯನಿಕದಿಂದಲೋ ರಭಸದ ನೀರಿನಿಂದಲೋ ಆ ತೊಳೆಗಳನ್ನು ಬಿಡಿಸುತ್ತಾರೆ. ಮೂರು ಡೆನಿಯರಿನ ಎಳೆ 16 ತೊಳೆಗಳಾಗಿ ಒಡೆದರೆ ಒಂದೊಂದೂ 0.2 ಡೆನಿಯರಿಗಿಂತ ನವಿರು. ಅವುಗಳ ಅಂಚು ಚೂಪಾಗಿರುವುದರಿಂದ ಧೂಳು, ಜಿಡ್ಡುಗಳನ್ನು ಕೆರೆದು ತೆಗೆಯುತ್ತವೆ. ನಡುವಿನ ಸಂದುಗಳು, ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವ ಹಾಗೆ, ನೀರನ್ನು ಎಳೆದುಕೊಳ್ಳುತ್ತವೆ. ಪಾಲಿಯೆಸ್ಟರಿಗೆ ಜಿಡ್ಡಿನ ಸಲುಗೆ, ನೈಲಾನಿಗೆ ನೀರಿನ ಸಲುಗೆ. ಒಣಗಿದ ಬಟ್ಟೆಯನ್ನು ಉಜ್ಜಿದಾಗ ಹುಟ್ಟುವ ಅಲ್ಪ ವಿದ್ಯುತ್ತು ಧೂಳಿನ ಕಣಗಳನ್ನು ಸೆಳೆಯುತ್ತದೆ.

ಆದರೆ ಮಾರುಕಟ್ಟೆಯಲ್ಲಿ ಮೈಕ್ರೋಫೈಬರ್ ಎಂಬ ಚೀಟಿ ಹೊತ್ತ ಬಟ್ಟೆಯೆಲ್ಲ ಹೀಗೆ ಬಿಡಿಸಿದ ಎಳೆಯದಲ್ಲ. ಬರೀ ನವಿರಾದ ಪಾಲಿಯೆಸ್ಟರಿನಿಂದ ನೇಯ್ದು, ಎಳೆ ಸೀಳದೆ ಮಾರುವುದೂ ಉಂಟು. ಪರೀಕ್ಷೆ ಸುಲಭ. ಒಣ ಬೆರಳನ್ನು ಬಟ್ಟೆಯ ಮೇಲೆ ಆಡಿಸಿದರೆ ಸೀಳಿದ ಎಳೆ ಚರ್ಮದ ಒರಟಿಗೆ ಸಣ್ಣಗೆ ಸಿಕ್ಕಿಕೊಳ್ಳುತ್ತದೆ, ಸೀಳದ್ದು ಜಾರುತ್ತದೆ. ಮೇಜಿನ ಮೇಲೆ ನಾಲ್ಕು ಹನಿ ನೀರು ಚೆಲ್ಲಿ ಎಳೆದರೆ ಒಂದು ಹೀರುತ್ತದೆ, ಇನ್ನೊಂದು ಟೆರಿಲಿನ್ ಅಂಗಿಯಂತೆ ನೀರನ್ನು ತಳ್ಳುತ್ತದೆ. ಚೀಟಿಯಲ್ಲಿ 80 ಭಾಗ ಪಾಲಿಯೆಸ್ಟರ್, 20 ಭಾಗ ಪಾಲಿಅಮೈಡ್ ಎಂದಿದ್ದರೆ ಎರಡನೆಯದು ನೈಲಾನಿನ ಶಾಸ್ತ್ರೀಯ ಹೆಸರು. ಗಾಜಿಗೆ, ಕನ್ನಡಕಕ್ಕೆ ಜುಂಗಿಲ್ಲದ ಸಮತಟ್ಟಾದ ನೇಯ್ಗೆ ಒಪ್ಪುತ್ತದೆ. ನೀರು ಹೀರಲು, ಧೂಳು ತೆಗೆಯಲು ಜುಂಗುಳ್ಳ ದಪ್ಪ ಬಟ್ಟೆ.

ಬಳಸುವಾಗ ಬಟ್ಟೆಯನ್ನು ಎರಡು ಸಲ ಮಡಿಸಿಕೊಂಡರೆ ಎಂಟು ಮಗ್ಗುಲು ಸಿಗುತ್ತವೆ. ಒಂದು ಕೊಳೆಯಾದಾಗ ಇನ್ನೊಂದನ್ನು ತಿರುವಿಕೊಳ್ಳಬಹುದು. ಧೂಳಿಗೆ ಒಣ ಬಟ್ಟೆ, ಜಿಡ್ಡಿಗೆ ಹಿಂಡಿದ ಒದ್ದೆ ಬಟ್ಟೆ ಸಾಕು. ಕನ್ನಡಕವನ್ನು ಮೊದಲು ನೀರಿನಲ್ಲಿ ತೊಳೆದು ಆಮೇಲೆ ಒರೆಸಬೇಕು. ಇಲ್ಲವಾದರೆ ಬಟ್ಟೆ ಹಿಡಿದಿಟ್ಟ ಮರಳಿನ ಕಣವೇ ಗಾಜನ್ನು ಗೀರುತ್ತದೆ. ಬಿಸಿ ಒಲೆಯ ಹತ್ತಿರ ಇದಕ್ಕೆ ಕೆಲಸವಿಲ್ಲ.

ದೇವರ ಮನೆಯ ಬಟ್ಟೆ ಬೇರೆ, ಬಚ್ಚಲಿನ ಬಟ್ಟೆ ಬೇರೆ ಎಂಬ ಹಳೆಯ ಕಟ್ಟಳೆಯನ್ನು ಈ ಬಟ್ಟೆಗೂ ಅನ್ವಯಿಸಬೇಕು. ಕೊಳೆಯನ್ನು ಚೆನ್ನಾಗಿ ಹಿಡಿಯುವ ಬಟ್ಟೆ ಅದನ್ನು ಇನ್ನೊಂದು ಕಡೆಗೆ ಒಯ್ಯಲೂಬಹುದು. ಆಸ್ಪತ್ರೆಗಳಲ್ಲಿ ಇದು ಪ್ರಾಣದ ಪ್ರಶ್ನೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವೈದ್ಯಕೀಯ ಕೇಂದ್ರ 1999ರಲ್ಲಿ ಹತ್ತಿಯ ನೆಲವರೆಸುಗಳ ಬದಲು ಮೈಕ್ರೋಫೈಬರ್ ಬಳಸಿ ನೋಡಿತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಆ ಅನುಭವವನ್ನು ಪ್ರಕಟಿಸಿತು. ಹಿಂದೆ ಒಂದೇ ಬಕೆಟ್ಟಿನ ನೀರಿನಲ್ಲಿ ಎರಡು ಮೂರು ಕೋಣೆ ಒರೆಸುತ್ತಿದ್ದರು. ಹೊಸ ಪದ್ಧತಿಯಲ್ಲಿ ಪ್ರತಿ ಕೋಣೆಗೂ ಬೇರೆ ಬಟ್ಟೆ. ಒಬ್ಬ ರೋಗಿಯ ಸೋಂಕು ಇನ್ನೊಬ್ಬರಿಗೆ ದಾಟುವ ದಾರಿ ಕಿರಿದಾಯಿತು. ನೀರು ಕುಡಿದ ಭಾರವನ್ನು ಎತ್ತಿ ಹಿಂಡುತ್ತಿದ್ದ ಕೆಲಸಗಾರರ ಬೆನ್ನಿಗೂ ಬಿಡುವು ದೊರೆಯಿತು.

ಈ ಬಟ್ಟೆ ಬೇಗ ಕೆಡುವುದು ಬಳಕೆಯಿಂದಲ್ಲ, ತಪ್ಪಾದ ಒಗೆತದಿಂದ. ಬಟ್ಟೆ ಮೃದುವಾಗಲೆಂದು ಹಾಕುವ ಸುವಾಸನೆಯ ದ್ರಾವಣ ಎಳೆಗಳಿಗೆ ಲೇಪದಂತೆ ಕೂತು ಸಂದುಗಳನ್ನು ಮುಚ್ಚುತ್ತದೆ. ಹೊಸ ಹತ್ತಿಯ ಗಂಜಿ ಮಾಡುವ ಅಡ್ಡಿಯನ್ನೇ ಇಲ್ಲಿ ಇದು ಮಾಡುತ್ತದೆ. ಕ್ಲೋರಿನ್ ಬ್ಲೀಚು ಎಳೆಯನ್ನು ತಿನ್ನುತ್ತದೆ. ಇಸ್ತ್ರಿಯ ಶಾಖಕ್ಕೆ ನವಿರಾದ ತುದಿಗಳು ಮೆತ್ತಗಾಗಿ ಅಂಟಿಕೊಳ್ಳುತ್ತವೆ. ಹತ್ತಿ ಬಟ್ಟೆಯ ಜೊತೆ ಒಗೆದರೆ ಅದರ ನಾರೆಲ್ಲ ಇದಕ್ಕೆ ಮೆತ್ತಿ, ಮುಂದೆ ಗಾಜಿನ ಮೇಲೆ ಉಳಿಯುತ್ತದೆ. ಬೇರೆಯಾಗಿ, ಸ್ವಲ್ಪವೇ ಸೋಪಿನ ಪುಡಿಯಲ್ಲಿ ಒಗೆದು ಗಾಳಿಗೆ ಹರವಿದರೆ ಬಹುಕಾಲ ಬಾಳುತ್ತದೆ.

ಹಾಗಾದರೆ ಹಳೆಯ ಪಂಚೆಯ ಕಾಲ ಮುಗಿಯಿತೆ? ಅವಸರದ ತೀರ್ಮಾನ ಬೇಡ. ಮೈಕ್ರೋಫೈಬರ್ ಎಂದರೆ ಕೊನೆಗೂ ಪ್ಲಾಸ್ಟಿಕ್. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ತುಣುಕುಗಳು ಉದುರಿ ಚರಂಡಿಗೆ, ಕೆರೆಗೆ, ಸಮುದ್ರಕ್ಕೆ ಸೇರುತ್ತವೆ. ಸಾಗರಗಳಿಗೆ ಸಣ್ಣ ಕಣಗಳಾಗಿಯೇ ಬಂದು ಬೀಳುವ ಪ್ಲಾಸ್ಟಿಕ್ಕಿನಲ್ಲಿ ಶೇ. 35ರಷ್ಟು ಕೃತಕ ಬಟ್ಟೆಗಳ ಒಗೆತದಿಂದ ಬರುತ್ತದೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2017ರಲ್ಲಿ ಅಂದಾಜು ಮಾಡಿತು. ಅದರಲ್ಲಿ ಉಡುವ ಬಟ್ಟೆಯೂ ಸೇರಿದೆ; ಒರೆಸುವ ಬಟ್ಟೆಯೂ ಆ ಲೆಕ್ಕದಿಂದ ಹೊರತಲ್ಲ. ಆದ್ದರಿಂದ ತಣ್ಣೀರಿನಲ್ಲಿ, ಹೆಚ್ಚು ತಿಕ್ಕದೆ, ಅಗತ್ಯವಿದ್ದಾಗ ಮಾತ್ರ ಒಗೆಯುವುದು ಲೇಸು.

ಗಾಜು, ಕನ್ನಡಕ, ಜಿಡ್ಡು ಹಿಡಿದ ಅಂಚುಗಳಿಗೆ ಹೊಸ ಬಟ್ಟೆ ಇರಲಿ. ಚೆಲ್ಲಿದ ಸಾರಿಗೆ, ಬಿಸಿ ಪಾತ್ರೆಗೆ, ಗಾರೆ ನೆಲಕ್ಕೆ ಹಳೆಯ ಹತ್ತಿಯೇ ಇರಲಿ. ಸವೆದು ಹೋದ ಪಂಚೆಯ ಚೂರನ್ನು ತಿಪ್ಪೆಗೆ ಹಾಕಿದರೆ ಕೆಲವು ತಿಂಗಳಲ್ಲಿ ಮಣ್ಣಾಗುತ್ತದೆ, ಹಂಡೆಯ ಒಲೆಗೆ ಹಾಕಿದರೆ ಬೂದಿಯಾಗುತ್ತದೆ. ಮೈಕ್ರೋಫೈಬರಿಗೆ ಆ ಎರಡು ದಾರಿಯೂ ಇಲ್ಲ. ಕೊಳ್ಳುವ ಮುನ್ನ ಅದರ ಒರೆಸುವ ಶಕ್ತಿಯ ಜೊತೆಗೆ ಈ ಸಂಗತಿಯನ್ನೂ ತೂಗಿ ನೋಡುವುದು ಒಳ್ಳೆಯದು.